ತಲೆತಕ್ಕಡಿ ಮತ್ತು ಜೂನ್ ಒಂದರ ಮಕ್ಕಳು

ಮೇ ಮೂವತ್ತೊಂದನೇ ತಾರೀಕು ದಾವಣಗೆರೆಯಲ್ಲಿ ಹೂವಿನ ಹಾರ ಸಿಗೋದು ಕಷ್ಟ. ಮದುವೆ ಸೀಸನ್ನು ಅಂತ ತಿಳ್ಕೋಬೇಡಿ. ಅವತ್ತು ಸರ್ಕಾರಿ ನೌಕರರು ಹಿಂಡುಹಿಂಡಾಗಿ ರಿಟೈರ್ ಆಗ್ತಾರೆ. ಕಂದಾಯ ಇಲಾಖೆಯಲ್ಲಿ ಹನ್ನೊಂದು ಜನ, ನೀರಾವರಿಯಲ್ಲಿ ಒಂಬತ್ತು, ಮೇಷ್ಟ್ರುಗಳಂತೂ ಬಸ್ಸು ತುಂಬೋವಷ್ಟು. ಯಾಕಂದ್ರೆ ನಮ್ಮ ತಲೆಮಾರಿನವರೆಲ್ಲ ಹುಟ್ಟಿದ್ದು ಜೂನ್ ಒಂದನೇ ತಾರೀಕು. ಒಂದೇ ದಿನ ಇಡೀ ಜಿಲ್ಲೆಯ ಹೆಂಗಸರಿಗೆ ಹೆರಿಗೆ ನೋವು ಹೆಂಗೆ ಬಂತು ಅಂತ ಯಾವ ಡಾಕ್ಟರೂ ಕೇಳ್ಲಿಲ್ಲ, ಯಾವ ಆಡಿಟರೂ ಕೇಳ್ಲಿಲ್ಲ. ಕೇಳಿದವನು ನಾನೇ. ಅದೂ ರಿಟೈರ್ ಆಗೋಕೆ ಹತ್ತು ದಿನ ಇದ್ದಾಗ. ಅರವತ್ತಕ್ಕೆ ಅರಳು ಮರುಳು ಅಂತಾರೆ. ನನಗೆ ಮರುಳು ಮೊದಲಿಂದ ಇತ್ತು, ಅರಳಿದ್ದು ಅವಾಗ.

ನನ್ನ ಹೆಸರು ಹಾಲೇಶಪ್ಪ. ಜಿಲ್ಲಾ ಬಾಲನ್ಯಾಯ ಮಂಡಳಿಯಲ್ಲಿ ಆಪರೇಟರ್. ಉದ್ಯೋಗ: ತಲೆ ತೂಗೋದು. ಭಜನೆಯಲ್ಲಿ ಎಲ್ರೂ ತಲೆ ತೂಗ್ತಾರೆ, ನಾನು ಸಂಬಳ ತಗೊಂಡು ಬೇರೆಯವರದ್ದು ತೂಗ್ತಿದ್ದೆ.

ಅದರ ಕಥೆ ಏನಂದ್ರೆ, ಹಿಂದೆ ಹದಿನೇಳು ವರ್ಷದ ಹುಡುಗ ಏನಾದ್ರೂ ಘೋರ ಕೆಲಸ ಮಾಡಿದಾಗಲೆಲ್ಲ ಟೀವಿಯಲ್ಲಿ ಜಗಳ ಆಗ್ತಿತ್ತು. ಒಬ್ಬರು ಅವನನ್ನ 'ಮಗು' ಅನ್ನೋರು, ಇನ್ನೊಬ್ಬರು 'ಮೃಗ' ಅನ್ನೋರು. ಹುಟ್ಟುಹಬ್ಬದ ಹಿಂದಿನ ದಿನ ಮಾಡಿದ್ರೆ ಮಗು, ಕೇಕ್ ಕತ್ತರಿಸಿದ ಮೇಲೆ ಮಾಡಿದ್ರೆ ಕೇಡಿ. ಇದೆಂಥ ನ್ಯಾಯ ಅಂತ ಎರಡೂ ಕಡೆಯವರು ಕಿರುಚಿ ಕಿರುಚಿ ಸುಸ್ತಾದ ಮೇಲೆ ಸರ್ಕಾರ ಒಂದು ತೀರ್ಮಾನಕ್ಕೆ ಬಂತು. ಕ್ಯಾಲೆಂಡರ್ ನೋಡೋದು ಬೇಡ, ತಲೆಯನ್ನೇ ನೋಡೋಣ. ಹಂಗೆ ಬಂತು ಮಿದುಳು ಪ್ರೌಢತಾ ಮಾಪಕ. ಆ ಹೆಸರು ಹೇಳೋ ಹೊತ್ತಿಗೆ ಜನಕ್ಕೆ ವಯಸ್ಸಾಗ್ತಿತ್ತು, ಅದಕ್ಕೆ 'ತಲೆತಕ್ಕಡಿ' ಅಂದ್ರು.

ಅದು ಹೆಂಗೆ ಕೆಲಸ ಮಾಡುತ್ತೆ ಅಂತ ನನಗೆ ಟ್ರೈನಿಂಗಲ್ಲಿ ಹೇಳಿಕೊಟ್ಟಿದ್ದನ್ನೇ ಹೇಳ್ತೀನಿ. ಮಿದುಳು ಅನ್ನೋದು ಹಿಂದಿನಿಂದ ಮುಂದಕ್ಕೆ ಕಟ್ಟಿಕೊಂಡು ಬರೋ ಮನೆ. ಒಳಗೆ ನಡುಮನೆಯಲ್ಲಿ ಆಸೆ, ಸಿಟ್ಟು, 'ನೋಡೇಬಿಡಾಣ' ಅನ್ನೋ ಹುಮ್ಮಸ್ಸಿನ ಒಲೆ. ಅದು ಹನ್ನೆರಡು ಹದಿಮೂರಕ್ಕೆಲ್ಲ ಧಗಧಗ ಉರಿಯುತ್ತೆ. ಮುಂದೆ, ಹಣೆಯ ಹಿಂದೆ, 'ತಡಿಯಪ್ಪ, ಆಮೇಲೇನಾಗುತ್ತೆ ಯೋಚನೆ ಮಾಡು' ಅನ್ನೋ ಯಜಮಾನನ ಕೋಣೆ. ಅದಕ್ಕೆ ಬಾಗಿಲು ಕಿಟಕಿ ಕೂರೋದು ಇಪ್ಪತ್ತೈದರ ಸುಮಾರಿಗೆ. ಇವೆರಡರ ನಡುವೆ ತಂತಿ. ತಂತಿಯ ಮೇಲೆ ಕೊಬ್ಬಿನ ಲೇಪ. ನಾವು ದಾವಣಗೆರೆಯವರು ಅದಕ್ಕೆ ಬೆಣ್ಣೆ ಅಂತೀವಿ. ಬೆಣ್ಣೆ ಚೆನ್ನಾಗಿ ಹತ್ತಿದ್ರೆ ಯಜಮಾನನ ಮಾತು ಜರ್ರಂತ ಒಲೆ ಹತ್ರ ಹೋಗುತ್ತೆ. ಹತ್ತದಿದ್ರೆ 'ತಡಿ' ಅನ್ನೋ ಮಾತು ತಲುಪೋ ಹೊತ್ತಿಗೆ ಕೈ ತನ್ನ ಕೆಲಸ ಮುಗಿಸಿ ಕಿಸೆಯಲ್ಲಿ ಕೂತಿರುತ್ತೆ. ಪಕ್ಕದಲ್ಲಿ ಮೂರು ಜನ ಸ್ನೇಹಿತರು ನಿಂತಿದ್ರಂತೂ ಒಲೆಗೆ ಊದುಕೊಳವೆ ಹಿಡಿದ ಹಂಗೆ.

ತಲೆತಕ್ಕಡಿ ಆ ಬೆಣ್ಣೆ ಅಳೆಯುತ್ತೆ. ಆದ್ರೆ ಬರೀ ಬೆಣ್ಣೆ ಅಳೆದ್ರೆ ವಯಸ್ಸು ಸಿಗಲ್ಲ. ಇಷ್ಟು ಬೆಣ್ಣೆಗೆ ಇಷ್ಟು ವಯಸ್ಸು ಅಂತ ಒಂದು ಪಟ್ಟಿ ಬೇಕು. ಆ ಪಟ್ಟಿ ಕೊಟ್ಟಿದ್ದು ನಮ್ಮೂರು. ನಾನು ಹೈಸ್ಕೂಲಲ್ಲಿದ್ದಾಗ ಡಾಕ್ಟರ್ ಪಂಪಾಪತಿ ಅನ್ನೋರು ಹೊರದೇಶದಿಂದ ಒಂದು ದೊಡ್ಡ ಸ್ಕ್ಯಾನಿಂಗ್ ಮಿಷಿನ್ನು ದಾನ ತಂದು, ನಮ್ಮೂರಿನ ನಾನೂರ ಹನ್ನೆರಡು ಮಕ್ಕಳ ತಲೆಯನ್ನ ವರ್ಷಕ್ಕೊಂದು ಸಲ, ಹದಿಮೂರು ವರ್ಷ ಬಿಡದೆ ಸ್ಕ್ಯಾನ್ ಮಾಡಿದ್ರು. ಅದೇ ಮಕ್ಕಳನ್ನ ಅಷ್ಟು ವರ್ಷ ಬೆನ್ನು ಬಿಡದೆ ನೋಡಿದ ಲೆಕ್ಕ ಇಡೀ ದೇಶದಲ್ಲಿ ಇನ್ನೊಂದಿರಲಿಲ್ಲ. ವಿಜ್ಞಾನದ ಮೇಲಿನ ಪ್ರೀತಿಗೆ ನಾವು ಹೋಗ್ತಿದ್ವಿ ಅಂತ ಅವರು ಬರ್ಕೊಂಡಿದ್ದಾರೆ. ಸುಳ್ಳು. ಒಂದು ಸ್ಕ್ಯಾನಿಗೆ ಒಂದು ಬೆಣ್ಣೆ ದೋಸೆ ಕೊಡ್ತಿದ್ರು. ತಲೆ ಒಳಗಿನ ಬೆಣ್ಣೆ ತೋರಿಸಿ ತಟ್ಟೆ ಮೇಲಿನ ಬೆಣ್ಣೆ ತಿಂದು ಬರ್ತಿದ್ವಿ. ನಾನು ಇನ್ನೂರ ಹದಿನೇಳನೇ ನಂಬರ್. ನನ್ನ ಜೀವದ ಗೆಳೆಯ ರಹಮತ್ ಇನ್ನೂರ ಹದಿನೆಂಟು. ಇವತ್ತಿಗೂ ಆ ಬೆಣ್ಣೆ ಹಾಕಿದ ಕಾವಲಿಯ ವಾಸನೆ ಬಂದ್ರೆ ನನಗೆ ತಲೆ ಒಳಗೆ ಟಕಟಕ ಸದ್ದು ಕೇಳುತ್ತೆ.

ತಲೆತಕ್ಕಡಿ ಬಂದ ಮೂರೇ ವರ್ಷಕ್ಕೆ ಊರು ಹೊಂದಿಕೊಂಡುಬಿಡ್ತು. ಮದುವೆ ದಲ್ಲಾಳಿಗಳು ಜಾತಕದ ಜೊತೆ ಮಿದುಳು ವಯಸ್ಸು ಕೇಳೋಕೆ ಶುರು ಮಾಡಿದ್ರು. 'ಮೂವತ್ತು ದಿನದಲ್ಲಿ ಮಿದುಳಿಗೆ ಎರಡು ವರ್ಷ' ಅಂತ ಟ್ಯೂಷನ್ ಬೋರ್ಡು ಬಿತ್ತು. ನಲವತ್ತೈದು ವರ್ಷದ ಒಬ್ಬ ಪುಢಾರಿ ಗಲಾಟೆ ಕೇಸಲ್ಲಿ ಸಿಕ್ಕಿ 'ನನ್ನ ಮಿದುಳಿಗೆ ಇನ್ನೂ ಹದಿನೈದು' ಅಂತ ಅರ್ಜಿ ಹಾಕಿದ. ಊರೇ ಸಾಕ್ಷಿ ಹೇಳೋಕೆ ತಯಾರಿತ್ತು. ಕೋರ್ಟು ಹೆದರಿ, ಕ್ಯಾಲೆಂಡರಲ್ಲಿ ಇಪ್ಪತ್ತೊಂದು ದಾಟಿದವರನ್ನ ತೂಗಬಾರದು ಅಂತ ಆದೇಶ ಮಾಡ್ತು. ನಿಯಮ ಬಹಳ ಸರಳ: ಘೋರ ಅಪರಾಧ ಆದ್ರೆ ತಲೆ ತೂಗು. ಹದಿನೆಂಟರ ಕೆಳಗೆ ಬಂದ್ರೆ ಮಂಡಳಿ, ಮೇಲೆ ಬಂದ್ರೆ ದೊಡ್ಡ ಕೋರ್ಟು, ದೊಡ್ಡವರ ಜೈಲು.

ರಿಟೈರ್ ಆಗೋಕೆ ಆ ಹತ್ತು ದಿನ ಇದ್ದಾಗ ಬಂದವಳು ಮೌಲ್ಯ.

ಪಿಯುಸಿ ಹುಡುಗಿ. ಎರಡು ಜಡೆ, ಕಚ್ಚಿ ಕಚ್ಚಿ ಸವೆದ ಉಗುರು. ಮೂರು ವಾರದ ಹಿಂದೆ ಮಧ್ಯಾಹ್ನ, ಕಾಲೇಜಿನ ಹಿಂದಿನ ರಸ್ತೆಯಲ್ಲಿ ಯಾರೋ ಬೀಗದ ಕೈ ಬಿಟ್ಟುಹೋದ ಗೂಡ್ಸ್ ಆಟೋ ನಿಂತಿತ್ತು. ಜೊತೆಗಿದ್ದ ಮೂವರು ಮೊಬೈಲ್ ಹಿಡಿದು 'ತಾಕತ್ತಿದ್ರೆ ಓಡ್ಸೇ ನೋಡಾಣ' ಅಂದ್ರು. ಓಡಿಸಿದಳು. ನೂರೈವತ್ತು ಮೀಟರ್. ತಿರುವಲ್ಲಿ ಮಂಡಕ್ಕಿ-ಮಿರ್ಚಿ ಗಾಡಿ ಇಟ್ಕೊಂಡಿದ್ದ ಕಲ್ಲಪ್ಪನ ಕಾಲ ಮೇಲೆ ಹತ್ತಿಸಿದಳು. ಇಳಿದು ನೋಡಿ, ಓಡಿಹೋದಳು. ಕಲ್ಲಪ್ಪನ ಎಡಗಾಲು ಮೊಣಕಾಲ ಕೆಳಗೆ ತೆಗೆದ್ರು, ಕೇಸು ಘೋರ ಅಪರಾಧ ಅಂತ ದಾಖಲಾಯ್ತು. ಇದರಲ್ಲಿ ತಮಾಷೆ ಮಾಡೋಕೆ ಏನೂ ಇಲ್ಲ.

ಅವರಪ್ಪ ಪರಮೇಶಿ, ಟೈಲರ್, ವರಾಂಡದಲ್ಲಿ ಪ್ಲಾಸ್ಟಿಕ್ ಕವರಲ್ಲಿ ಮಗಳ ಹುಟ್ಟಿದ ಸರ್ಟಿಫಿಕೇಟ್ ಇಟ್ಕೊಂಡು ನಿಂತಿದ್ದ. ಆಸ್ಪತ್ರೆಯಲ್ಲಿ ಹುಟ್ಟಿದ ಗಂಟೆ ನಿಮಿಷದ ಸಮೇತ ಕಂಪ್ಯೂಟರಲ್ಲಿ ಬಂದಿದ್ದು. ಹದಿನಾರು ವರ್ಷ ಎಂಟು ತಿಂಗಳು.

"ಸಾರ್, ಇದನ್ನ ಒಂದ್ಸಲ ನೋಡ್ರಿ."

"ಪರಮೇಶಣ್ಣ, ಈಗ ಅದನ್ನ ನೋಡಲ್ಲ. ಮಿಷಿನ್ನು ಹೇಳಿದ್ದೇ ಲೆಕ್ಕ."

"ಹೆತ್ತವರಿಗಿಂತ ಜಾಸ್ತಿ ಗೊತ್ತಾ ಅದಕ್ಕೆ?" ಅಂದ. ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಜೋರಾಗಿ "ಸೈಲೆನ್ಸ್" ಅಂದೆ.

ಒಳಗೆ ಮೌಲ್ಯ ಹಲಗೆ ಮೇಲೆ ಮಲಗಿದ್ದಳು.

"ಅಂಕಲ್, ನೋವಾಗುತ್ತಾ?"

"ಇಲ್ಲಮ್ಮ. ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಗೆ ಸದ್ದು ಬರುತ್ತೆ, ಅಷ್ಟೆ."

"ನಿಮಗೆ ಹೆಂಗೊತ್ತು?"

"ನಿನ್ನ ವಯಸ್ಸಲ್ಲಿ ನಾನೂ ಇಂಥದ್ದರೊಳಗೆ ಹೋಗಿದ್ದೆ. ಹೊರಗೆ ಬಂದ್ರೆ ನಮಗೆ ಬೆಣ್ಣೆ ದೋಸೆ ಕೊಡ್ತಿದ್ರು."

"ನನಗೆ?"

"ನಿನಗೆ ರಿಪೋರ್ಟು."

ನಕ್ಕಳು. ಆಮೇಲೆ ನಕ್ಕಿದ್ದು ತಪ್ಪಾಯ್ತೇನೋ ಅನ್ನೋ ಹಂಗೆ ಬಾಯಿ ಮುಚ್ಕೊಂಡು, ಮೆಲ್ಲಗೆ ಕೇಳಿದಳು. "ನಾನು ಯಾಕೆ ಓಡಿಸ್ದೆ ಅಂತ ಮಿಷಿನ್ನಿಗೆ ಗೊತ್ತಾಗುತ್ತಾ ಅಂಕಲ್? ಎಲ್ರೂ ಕೇಳ್ತಾರೆ. ನನಗೇ ಗೊತ್ತಿಲ್ಲ. ಅದಕ್ಕೆ ಗೊತ್ತಾದ್ರೆ ನನಗೂ ಹೇಳ್ರಿ."

ನಲವತ್ತು ನಿಮಿಷ ಟಕಟಕ ಅಂದು ಪರದೆ ಮೇಲೆ ಅಂಕಿ ಬಂತು: ಹದಿನೆಂಟು ವರ್ಷ, ಮೂರು ತಿಂಗಳು.

ಮೂರು ತಿಂಗಳು! ಮೌಲ್ಯಳ ಮೌಲ್ಯಮಾಪನ ಮುಗೀತು. ಮಂಡಳಿಯ ಮ್ಯಾಜಿಸ್ಟ್ರೇಟ್ ಇಂದುಮತಿ ಮೇಡಂ ಮೇ ಮೂವತ್ತೊಂದಕ್ಕೆ ಆದೇಶ ಅಂತ ಬರೆಸಿದ್ರು. ಆ ಆದೇಶ ಏನಿರುತ್ತೆ ಅಂತ ಕಸ ಗುಡಿಸೋ ಲಕ್ಷ್ಮಕ್ಕನಿಗೂ ಗೊತ್ತಿತ್ತು.

ಮನೆಗೆ ಬಂದೆ. ನನ್ನ ಹೆಂಡತಿ ದಾಕ್ಷಾಯಣಿ ನನ್ನ ಮುಖ ನೋಡೇ "ಇವತ್ತು ಯಾರನ್ನ ದೊಡ್ಡವರು ಮಾಡಿ ಬಂದ್ರಿ?" ಅಂದಳು. ಅವಳ ನಾಲಿಗೆಗೆ ಬೆಣ್ಣೆ ಬಹಳ, ಸುದ್ದಿ ಬೇಗ ತಲುಪುತ್ತೆ.

ನನ್ನ ಬೆನ್ನು ಬಿಡದೆ ಬಂದಿದ್ದು ಆ ಹುಡುಗಿಯ ಪ್ರಶ್ನೆ. ಯಾಕಂದ್ರೆ ಅದೇ ಪ್ರಶ್ನೆ ನನಗೂ ಒಬ್ಬರು ಕೇಳಿದ್ರು. ನನಗೆ ಹದಿನೈದು ಇದ್ದಾಗ, ಬೇಸಿಗೆ ರಜೆಯಲ್ಲಿ, ರಹಮತ್ ಮತ್ತೆ ಇನ್ನಿಬ್ಬರು ದೊಡ್ಡ ಹುಡುಗರು 'ತಾಕತ್ತಿದ್ರೆ ಹಚ್ಚು' ಅಂದ್ರು ಅಂತ, ರಹಮತ್‌ನ ಅಪ್ಪನದೇ ಮಂಡಕ್ಕಿ ಭಟ್ಟಿಯ ಹಿಂದಿದ್ದ ಹೊಟ್ಟಿನ ರಾಶಿಗೆ ಕಡ್ಡಿ ಗೀರಿದೆ. ನಮ್ಮವ್ವ ಕೆಲಸ ಮಾಡ್ತಿದ್ದ ಭಟ್ಟಿ ಅದು! ಹೊಟ್ಟು ಮೊದಲು ಸುಮ್ಮನೆ ಹೊಗೆಯಾಡ್ತು, ಆಮೇಲೆ ಒಂದು ಲಾರಿ ಎತ್ತರಕ್ಕೆ ಎದ್ದು ನಿಂತ್ಕೊಂಡ್ತು. ಅವತ್ತು ಗಾಳಿ ಪಡುವಲಕ್ಕೆ ಬೀಸ್ತು, ಕೆರೆ ಕಡೆಗೆ. ಮೂಡಲಕ್ಕೆ ಬೀಸಿದ್ರೆ ಸಾಲಾಗಿ ನಾಲ್ಕು ಮನೆ, ಒಳಗೆ ಮಲಗಿದ್ದ ಕೂಸುಗಳು. ನನಗೂ ಮೌಲ್ಯಳಿಗೂ ಇರೋ ವ್ಯತ್ಯಾಸ ಅಂದ್ರೆ ಅವತ್ತಿನ ಗಾಳಿ.

ರಹಮತ್‌ನ ಅಪ್ಪ ಇಮಾಮ್ ಸಾಬ್ರು ನನ್ನ ಕಿವಿ ಹಿಡಿದು ಕೇಳಿದ್ರು. "ಯಾಕಲೇ ಹಚ್ಚಿದೆ?"

"ಗೊತ್ತಿಲ್ರಿ."

"ಗೊತ್ತಿಲ್ಲ ಅಂತ ನನಗೂ ಗೊತ್ತು ಬಿಡು. ಅಕ್ಕಿಗೇನು ಗೊತ್ತಿರುತ್ತಾ, ಯಾಕೆ ಸಿಡೀತೀನಿ ಅಂತ?"

ಪೊಲೀಸಿಗೆ ಹೇಳ್ಲಿಲ್ಲ. ಎರಡು ತಿಂಗಳು, ಇಡೀ ರಜೆ, ಭಟ್ಟಿ ಮುಂದೆ ಕೂರಿಸಿದ್ರು. ಕಾದ ಮರಳಿಗೆ ಅಕ್ಕಿ ಹಾಕು, ಸಿಡಿದ ಕೂಡ್ಲೆ ಜರಡಿ ಹಿಡಿ. ಒಂದು ಗಳಿಗೆ ಮುಂಚೆ ತೆಗೆದ್ರೆ ಹಸಿ, ಒಂದು ಗಳಿಗೆ ತಡ ಆದ್ರೆ ಕರಿ. ಎರಡು ತಿಂಗಳಿಗೆ ನನ್ನ ಹುಬ್ಬು ಸುಟ್ಟುಹೋಗಿದ್ವು, ಆದ್ರೆ ಯಾವಾಗ ತಡೀಬೇಕು ಅಂತ ಕೈಗೆ ಗೊತ್ತಾಗಿತ್ತು. ಸಂಜೆ ಕೆಲಸ ಮುಗಿದ ಮೇಲೆ ಬಿಸಿ ಮಂಡಕ್ಕಿಗೆ ಎಣ್ಣೆ, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಕಲಸಿ ಒಂದೇ ಪೇಪರಲ್ಲಿ ನಾವಿಬ್ಬರೂ ತಿಂತಿದ್ವಿ, ನಾನೂ ರಹಮತ್ತೂ. ಶಿಕ್ಷೆಯೊಂದು ಇಷ್ಟು ರುಚಿಯಾಗಿ ನೆನಪಿರೋದು ಯಾರಿಗುಂಟು?

ಇದನ್ನೆಲ್ಲ ನೆನೆಸ್ಕೊಂಡು ನಡುಮನೆಯಲ್ಲಿ ಕೂತಿದ್ದೆ. ರಜೆಗೆ ಬಂದಿದ್ದ ಮೊಮ್ಮಗಳು ಇಂಚರ, ನಾಲ್ಕೂವರೆ ವರ್ಷ, ನಮ್ಮವ್ವನ ಮುಂದೆ ನಿಂತಿದ್ದಳು. ಅವ್ವನಿಗೆ ಎಂಬತ್ತು. ಸೊಂಟ ಬಿದ್ದಿದೆ, ಸೊಲ್ಲು ಬಿದ್ದಿಲ್ಲ.

"ಬಲಗೈ ಎತ್ತು. ತಲೆ ಮೇಲಿಂದ ತಗೊಂಡು ಬಾ. ಎಡಗಿವಿ ಮುಟ್ಟು ನೋಡಾಣ."

ಪುಟ್ಟ ಕೈ ನೆತ್ತಿ ದಾಟಿ ಅರ್ಧಕ್ಕೇ ನಿಂತುಬಿಡ್ತು.

"ಆಗಲ್ಲ ಅಜ್ಜಿ!"

"ಹಂಗಾದ್ರೆ ಈ ವರ್ಷ ಸ್ಕೂಲಿಲ್ಲ ಬಿಡು. ನಿಮ್ಮ ತಾತನೂ ಹಿಂಗೇ, ಮುಟ್ಟಿರಲಿಲ್ಲ. ಹದಿನೈದು ದಿನ ಎಣ್ಣೆ ಹಚ್ಚಿ ಹಚ್ಚಿ ಎಳೆದೆ ನೋಡು, ಆಮೇಲೆ ಮುಟ್ತು."

ನಾನು ತಲೆ ಎತ್ತಿದೆ. "ಏನಂದಿ ಅವ್ವ?"

"ಅಯ್ಯ, ನಿನ್ನ ಸ್ಕೂಲಿಗೆ ಸೇರಿಸಿದ್ದು! ನಿಮ್ಮಪ್ಪ ತೀರ್ಕೊಂಡಿದ್ರು. ನಾನು ಭಟ್ಟಿಗೆ ಹೋಗಬೇಕು. ಬೆಂಕಿ ಮುಂದೆ ನಿನ್ನ ಎಲ್ಲಿ ಬಿಡ್ಲಿ? ಚನ್ನಬಸಪ್ಪ ಮೇಷ್ಟ್ರು ಕಿವಿ ಮುಟ್ಟದೆ ಸೇರಿಸ್ಕೊಳ್ತಿರಲಿಲ್ಲ. ಕತ್ತು ವಾರೆ ಮಾಡ್ಕೊಂಡು ಮುಟ್ಟೋದು ನಾನೇ ಹೇಳಿಕೊಟ್ಟೆ. ಮೇಷ್ಟ್ರಿಗೆ ಗೊತ್ತಾಯ್ತು. ನನ್ನ ಮುಖ ನೋಡಿ ನಕ್ಕು, ಆರು ವರ್ಷ ಅಂತ ಬರ್ಕೊಂಡ್ರು. ಜೂನ್ ಒಂದು."

"ಅವಾಗ ನನಗೆಷ್ಟು?"

"ನೀನು ಹುಟ್ಟಿದ್ದು ದೀಪಾವಳಿ, ನೀರು ತುಂಬೋ ದಿನ. ಎಮರ್ಜೆನ್ಸಿ ಎರಡನೇ ವರ್ಷ." ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದಳು. "ನಾಲ್ಕೂವರೆ. ಇಗೋ, ಇವಳಷ್ಟೇ."

ನನ್ನ ಹಣೆಯ ಹಿಂದಿನ ಯಜಮಾನ ಎದ್ದು ಕೂತ. ಅಂದ್ರೆ ಹೊಟ್ಟಿಗೆ ಕಡ್ಡಿ ಗೀರಿದಾಗ ನನಗೆ ಹದಿನೈದಲ್ಲ, ಹದಿಮೂರೂವರೆ. ಅಂದ್ರೆ ಡಾಕ್ಟರ್ ಪಂಪಾಪತಿ ನನ್ನ ತಲೆ ನೋಡಿ 'ಹದಿನೆಂಟರ ಬೆಣ್ಣೆ ಇಷ್ಟು' ಅಂತ ಗೆರೆ ಎಳೆದಾಗ, ಆ ತಲೆಗೆ ಇದ್ದಿದ್ದು ಹದಿನಾರೂವರೆ! ಗೆರೆಯೇ ಒಂದೂವರೆ ವರ್ಷ ಮುಂದಿದ್ರೆ, ಹದಿನಾರೂವರೆಯ ಯಾವ ಮಗು ಬಂದ್ರೂ ತಕ್ಕಡಿ ಹದಿನೆಂಟು ಅನ್ನುತ್ತೆ.

ರಹಮತ್‌ಗೆ ಫೋನ್ ಮಾಡಿದೆ. ಅವನು ಸರ್ಕಾರಿ ಬಸ್ಸಿನ ಕಂಡಕ್ಟರ್, ಅವನೂ ಮೂವತ್ತೊಂದಕ್ಕೇ ರಿಟೈರ್.

"ಲೇ, ನೀನು ಹುಟ್ಟಿದ್ದು ಯಾವತ್ತು?"

"ಗಿಫ್ಟ್ ಕೊಡ್ತೀಯಾ? ಜೂನ್ ಒಂದು."

"ನಿಜವಾಗ್ಲೂ?"

"ನಿಜವಾಗ್ಲೂ ಅಂದ್ರೆ ಬಕ್ರೀದ್ ಮಾರನೇ ದಿನ. ಚಳಿಗೆ ಹೊಟ್ಟಿನ ಬೆಂಕಿ ಹಾಕಿ ನನಗೆ ಶಾಖ ಕೊಟ್ರು ಅಂತಿದ್ಲು ಅಮ್ಮಿ. ಜೂನಲ್ಲಿ ಎಲ್ಲಿಯ ಚಳಿ? ಯಾಕೋ?"

"ನಾವಿಬ್ಬರೂ ಸೇರಿ ಹುಡುಗಿಯೊಬ್ಬಳನ್ನ ಜೈಲಿಗೆ ಕಳಿಸ್ತಿದ್ದೀವಿ ಕಣೋ."

ದಾಕ್ಷಾಯಣಿಗೆ ಹೇಳಿದೆ. ಅವಳು ಸೌಟು ಕೆಳಗಿಟ್ಟಳು. "ಬರೆದು ಕೊಡ್ತೀರಾ? 'ನನ್ನ ಸರ್ವಿಸ್ ಪುಸ್ತಕದಲ್ಲಿರೋ ಹುಟ್ಟಿದ ತಾರೀಕು ಸುಳ್ಳು' ಅಂತ? ರಿಟೈರ್ ಆಗೋ ವಾರದಲ್ಲಿ? ಪಿಂಚಣಿ ಫೈಲು ಹಿಡ್ಕೊಂಡು ಅವರು ಮುದುಕರಾಗೋವರೆಗೂ ಕೂರ್ತಾರೆ. ಹತ್ತು ದಿನ ಬಾಯಿ ಮುಚ್ಕೊಂಡಿದ್ರೆ ಕೊರಳಿಗೆ ಹಾರ ಬೀಳುತ್ತೆ." ಸೌಟು ಮತ್ತೆ ಎತ್ಕೊಂಡು, "ಎಷ್ಟು ವರ್ಷ ಆ ಹುಡುಗಿಗೆ?" ಅಂದಳು.

"ಹದಿನಾರು ಮುಕ್ಕಾಲು."

"ಹಂಗಾದ್ರೆ ನೀಟಾಗಿ ಬರೀರಿ. ನಿಮ್ಮ ಅಕ್ಷರ ಕೋಳಿ ಕೆದರಿದಂಗಿರುತ್ತೆ."

ಮೊದಲು ಡಾಕ್ಟರ್ ಪಂಪಾಪತಿಯವರಿಗೆ ಫೋನ್ ಮಾಡಿದೆ. ತೊಂಬತ್ತರ ಹತ್ರ ಅವರಿಗೆ. ಕೇಳಿದ ಕೂಡ್ಲೆ ಸಿಡುಕಿದ್ರು.

"ಏನಯ್ಯ ಹೇಳ್ತೀ? ಹೆಡ್ಮಾಸ್ಟರ್ ಸೀಲಿರೋ ಸರ್ಟಿಫಿಕೇಟ್ ಇಲ್ಲದೆ ಒಬ್ಬನ್ನೂ ತಗೊಂಡಿಲ್ಲ ನಾನು!"

"ಸೀಲು ನಿಜ ಸಾರ್, ಸಾಲು ಸುಳ್ಳು. ನಾನೂರ ಹನ್ನೆರಡು ಜನದಲ್ಲಿ ಜೂನ್ ಒಂದು ಎಷ್ಟು ಜನ ನೋಡಿ."

ಕಾಗದ ಸರಿಸೋ ಸದ್ದು ಕೇಳ್ತು. ಬಹಳ ಹೊತ್ತು. "ಮುನ್ನೂರ ಮೂವತ್ತೆಂಟು."

"ಮಿಷಿನ್ನು ಮಾಡಿದವರಿಗೆ ಅನುಮಾನ ಬರ್ಲಿಲ್ವಾ ಸಾರ್?"

"ಅವರಿಗೆ ತಾರೀಕೇ ಕೊಟ್ಟಿಲ್ಲ. ನಿಮ್ಮ ಗೋಪ್ಯತೆ ಕಾಪಾಡೋಕೆ ಅಂತ ತಾರೀಕು ಅಳಿಸಿ, ಬರೀ ವಯಸ್ಸು ಕಳಿಸಿದ್ವಿ." ಆಮೇಲೆ ದನಿ ಇಳಿಸಿ, "ಹಾಲೇಶಿ… ನಂದೂ ಜೂನ್ ಒಂದೇ ಕಣಯ್ಯ" ಅಂದ್ರು.

ಮಾರನೇ ದಿನ ಬೆಳಿಗ್ಗೆ ಇಂದುಮತಿ ಮೇಡಂ ಕೋಣೆಗೆ ಹೋಗಿ ಕಾಗದ ಮುಂದಿಟ್ಟೆ. ಎರಡು ಸಲ ಓದಿದ್ರು. ಕನ್ನಡಕ ತೆಗೆದ್ರು.

"ಹಾಲೇಶಪ್ಪ, ಈ ಮೂರು ವರ್ಷದಲ್ಲಿ ಈ ಮಿಷಿನ್ನಿನ ಮಾತು ಕೇಳಿ ನಾನು ದೊಡ್ಡ ಕೋರ್ಟಿಗೆ ಕಳಿಸಿದ ಮಕ್ಕಳು…" ಅಂದು ನಿಲ್ಲಿಸಿದ್ರು. ಬೆರಳು ಮಡಚಲಿಲ್ಲ. ಅವರಿಗೆ ಅಂಕಿ ಬಾಯಿಪಾಠ ಇತ್ತು. "ಹದಿನಾಲ್ಕು ಜನ."

ಆ ಹದಿನಾಲ್ಕೂ ತಲೆ ತೂಗಿದವನು ನಾನೇ.

"ನಿಮ್ಮ ತಾಯಿ ಮಾತೊಂದೇ ಸಾಕಾಗಲ್ಲ" ಅಂದ್ರು. "ಅವಾಗ ಸ್ಕ್ಯಾನ್ ಮಾಡಿಸ್ಕೊಂಡ ಎಲ್ಲರ ತಾಯಂದಿರನ್ನೂ ಕರೆಸ್ರಿ."

ಹಂಗೆ ಆಯ್ತು ನೋಡಿ, ದೇಶದ ವಿಜ್ಞಾನದ ಚರಿತ್ರೆಯಲ್ಲೇ ನಡೆಯದ ಪ್ರಯೋಗ. ರಹಮತ್ ತನ್ನ ಬಸ್ಸಿನ ರೂಟಲ್ಲಿರೋ ಊರೂರಲ್ಲೆಲ್ಲ ಕೂಗಿ ಹೇಳಿದ. ನಾಲ್ಕು ದಿನದಲ್ಲಿ ಎಂಬತ್ತಮೂರು ಮುದುಕಿಯರು ಬಂದ್ರು. ನಮ್ಮ ಕಂಟ್ರೋಲ್ ರೂಮಲ್ಲಿ ಚಪ್ಪಲಿ ಹಾಕೋ ಹಂಗಿಲ್ಲ, ಧೂಳು ಬರೋ ಹಂಗಿಲ್ಲ, ಕೆಮ್ಮೋ ಹಂಗಿಲ್ಲ. ಅಲ್ಲಿ ಎಲೆಯಡಿಕೆ ಚೀಲ ಬಿಚ್ಚಿಕೊಂಡ್ವು. ಮೇಡಂ ಬೆಂಗಳೂರಿಂದ ಕರೆಸಿದ ಸಂಖ್ಯಾಶಾಸ್ತ್ರದ ಹುಡುಗಿ ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದು ಕೈಯಲ್ಲಿ ಅರವತ್ತು ವರ್ಷದ ಹಳೇ ಪಂಚಾಂಗದ ಕಟ್ಟು ಹಿಡ್ಕೊಂಡು ಕೂತಳು.

"ನಿಮ್ಮ ಮಗ ಹುಟ್ಟಿದ್ದು ಯಾವಾಗಮ್ಮ?"

"ಕಾರ ಹುಣ್ಣಿಮೆ ಆಗಿ ಮೂರು ದಿನಕ್ಕೆ. ನಮ್ಮೆಮ್ಮೆ ಈದ ದಿನಾನೇ."

"ಯಾವ ವರ್ಷ?"

"ಮಿಲ್ಲು ಮುಷ್ಕರದ ವರ್ಷ. ಅವತ್ತು ನಮ್ಮೆಜಮಾನ್ರು ಮನೇಲಿದ್ರು, ಅದೊಂದೇ ವರ್ಷ ಇದ್ದಿದ್ದು."

ಪಕ್ಕದವಳು ಬಾಯಿ ಹಾಕಿದಳು. "ಏ ಸುಳ್ಳು ಕಣೇ ಹನುಮಕ್ಕ, ಮುಷ್ಕರ ಆಗಿದ್ದು ನನ್ನ ಎರಡನೇ ಬಾಣಂತನದಾಗೆ. ನಿನ್ನ ಮಗ ಅದಕ್ಕಿಂತ ಒಂದು ಮಳೆಗಾಲ ಚಿಕ್ಕೋನು."

ಮೇಡಂ ಇಷ್ಟಕ್ಕೇ ನಂಬಲಿಲ್ಲ. ಹತ್ತೊಂಬತ್ತು ಹೆರಿಗೆ ಆಸ್ಪತ್ರೆಯಲ್ಲಿ ಆಗಿದ್ವು. ಆ ಹಳೇ ರಿಜಿಸ್ಟರ್ ತರಿಸಿ ತಾಳೆ ನೋಡಿಸಿದ್ರು. ಹತ್ತೊಂಬತ್ತರಲ್ಲಿ ಹದಿನೆಂಟು, ಒಂದು ವಾರದ ಒಳಗೆ ಸರಿ! ಹತ್ತೊಂಬತ್ತನೆಯದ್ದು ನೋಡಿ ಆ ಅಜ್ಜಿ "ರಿಜಿಸ್ಟರ್ ತಪ್ಪು" ಅಂದಳು. ಯಾರೂ ಎದುರು ಮಾತಾಡ್ಲಿಲ್ಲ.

ಸಾಲಲ್ಲಿ ಕೊನೆಗೆ ನಮ್ಮವ್ವ. ದೀಪಾವಳಿ ಹೇಳಿದಳು, ಎಣ್ಣೆ ಹಚ್ಚಿ ಕೈ ಎಳೆದಿದ್ದು ಹೇಳಿದಳು. ಹುಡುಗಿ ಟೈಪ್ ಮಾಡೋದು ನಿಲ್ಲಿಸಿ ನಕ್ಕಳು. ಅವ್ವ ನಗಲಿಲ್ಲ. ನನ್ನ ಕಡೆ ತಿರುಗಿ ಅಷ್ಟು ಜನರ ನಡುವೆ ಹೇಳಿದಳು.

"ಇಡೀ ಕ್ಲಾಸಿಗೆ ನೀನೇ ಚಿಕ್ಕೋನು. ಎಲ್ರೂ ಹೊಡೀತಿದ್ರು ನಿನಗೆ. ದೊಡ್ಡ ಹುಡುಗರು ಹೇಳಿದ್ದಕ್ಕೆಲ್ಲ ಹೂಂ ಅಂತಿದ್ದೆ. ಭಟ್ಟಿಗೆ ಬೆಂಕಿ ಹಚ್ಚಿದಾಗ್ಲೂ ನನಗೆ ಗೊತ್ತಿತ್ತು, ಇದು ನಾನು ಹಚ್ಚಿದ್ದು ಅಂತ. ನಿನ್ನ ಬಾಲ್ಯದ ಒಂದೂವರೆ ವರ್ಷ ನಾನು ತಿಂದ್ಬಿಟ್ಟೆ ಕಣಪ್ಪ."

"ಹೋಗ್ಲಿ ಬಿಡವ್ವ" ಅಂದೆ. ಆದ್ರೆ ಅವತ್ತೆಲ್ಲ ಕಣ್ಣ ಮುಂದೆ ಒಂದೇ ಚಿತ್ರ. ಮೊದಲ ದಿನ, ಸ್ಲೇಟು ನನಗಿಂತ ಅಗಲ. ಸ್ಕೂಲ್ ಬಾಗಿಲಲ್ಲಿ ನಿಂತು ಅಳ್ತಿರೋ ನಾನು, ತಿರುಗಿ ನೋಡದೆ ಭಟ್ಟಿ ಕಡೆ ಓಡ್ತಿರೋ ಅವ್ವ. ತಿರುಗಿ ನೋಡಿದ್ರೆ ನಿಂತುಬಿಡ್ತಿದ್ಲು, ಅದಕ್ಕೆ ನೋಡ್ಲಿಲ್ಲ.

ಮೇ ಮೂವತ್ತೊಂದು. ಮಂಡಳಿ ಕೂತಿತ್ತು. ಕಲ್ಲಪ್ಪ ಊರುಗೋಲು ಹಿಡ್ಕೊಂಡು ಬಂದಿದ್ದ. ಸಂಖ್ಯಾಶಾಸ್ತ್ರದ ಹುಡುಗಿ ಲೆಕ್ಕ ಓದಿದಳು: ಸರಾಸರಿ ತಪ್ಪು ಒಂದು ವರ್ಷ ಐದು ತಿಂಗಳು. ಗೆರೆ ಸರಿಪಡಿಸಿದ ಮೇಲೆ ಮೌಲ್ಯಳ ಮಿದುಳಿನ ವಯಸ್ಸು ಹದಿನಾರು ವರ್ಷ ಹತ್ತು ತಿಂಗಳು. ಪರಮೇಶಿ ಪ್ಲಾಸ್ಟಿಕ್ ಕವರನ್ನ ಎದೆಗೆ ಒತ್ತಿಕೊಂಡ. ಅದರೊಳಗಿನ ಕಾಗದ ಮೊದಲಿಂದ ಇದನ್ನೇ ಹೇಳ್ತಿತ್ತು.

ಮೇಡಂ ಕಲ್ಲಪ್ಪನ್ನ ಕೇಳಿದ್ರು. "ನೀವೇನಾದ್ರೂ ಹೇಳ್ಬೇಕಾ?"

"ಹೇಳೋದೇನ್ರಿ. ದೊಡ್ಡ ಜೈಲಿಗೆ ಹಾಕಿದ್ರೆ ನನ್ನ ಕಾಲು ಬರಲ್ಲ, ಅದು ಗೊತ್ತು. ಆದ್ರೆ ಚಿಕ್ಕವಳು ಚಿಕ್ಕವಳು ಅಂತ ಎಲ್ರೂ ಮುದ್ದು ಮಾಡಿ ಕಳಿಸಿದ್ರೆ, ನನ್ನ ಕಾಲಿಗೇನು ಮರ್ಯಾದೆ ಇಲ್ವಾ?"

ಮೌಲ್ಯ ಎದ್ದು ನಿಂತಳು. ಕಲ್ಲಪ್ಪನ ಕಡೆ ತಿರುಗಿದಳು. ಆಮೇಲೆ "ಅವತ್ತು ಓಡಿಹೋದೆ ಅಣ್ಣ. ಇನ್ಮೇಲೆ ಓಡಲ್ಲ" ಅಂದಳು. ಅಷ್ಟೇ.

ಆದೇಶ: ಪ್ರಕರಣ ಮಂಡಳಿಯಲ್ಲೇ. ಎರಡು ವರ್ಷ ಬಾಲಕಿಯರ ವಿಶೇಷ ಗೃಹ, ಓದು ಅಲ್ಲಿಂದಲೇ. ಭಾನುವಾರ ಭಾನುವಾರ, ಮೇಲ್ವಿಚಾರಕರ ಜೊತೆ, ಕಲ್ಲಪ್ಪ ಒಪ್ಪಿದಷ್ಟು ಕಾಲ ಅವನ ಗಾಡಿಯಲ್ಲಿ ಕೆಲಸ. ಕಲ್ಲಪ್ಪ ಯೋಚನೆ ಮಾಡಿ, "ಮಿರ್ಚಿ ಕರಿಯೋಕೆ ಬಿಡಲ್ಲ. ಮೊದಲು ಈರುಳ್ಳಿ ಹೆಚ್ಚಲಿ. ನಾನೂ ಅತ್ತಿದ್ದೀನಿ, ಅವಳೂ ಅಳ್ಲಿ" ಅಂದ. ಉಳಿದ ಹದಿನಾಲ್ಕು ಫೈಲು ಮತ್ತೆ ತೆಗೀಬೇಕು ಅಂತ ಮೇಡಂ ಹೈಕೋರ್ಟಿಗೆ ಬರೆದ್ರು. ತಲೆತಕ್ಕಡಿಗೆ ಬಟ್ಟೆ ಹೊದಿಸಿದ್ರು.

ಸಂಜೆ ನನ್ನ ಬೀಳ್ಕೊಡುಗೆ. ಹಾರ ಸಿಗಲಿಲ್ಲ, ಮೊಳ ಸೇವಂತಿಗೆಗೆ ದಾರ ಕಟ್ಟಿ ಹಾಕಿದ್ರು. ಜೊತೆಗೊಂದು ಸರ್ಕಾರಿ ಪತ್ರ. ಪಿಂಚಣಿ ಹೋಯ್ತು ಅಂದ್ಕೊಂಡೇ ಒಡೆದೆ. 'ತಾವು ಸಲ್ಲಿಸಿದ ಹುಟ್ಟಿದ ದಿನಾಂಕವನ್ನು ಯಂತ್ರದ ಉಪಯೋಗಕ್ಕಾಗಿ ಅಂಗೀಕರಿಸಲಾಗಿದೆ. ಆದರೆ ಸೇವೆಗೆ ಸೇರಿದ ಮೂರು ವರ್ಷದ ನಂತರ ನೌಕರರ ದಿನಾಂಕ ಬದಲಿಸಲು ಅವಕಾಶವಿಲ್ಲದ ಕಾರಣ ತಾವು ಇಂದೇ ನಿವೃತ್ತರಾಗತಕ್ಕದ್ದು.' ಅಂದ್ರೆ ಮಿಷಿನ್ನಿನ ಮಟ್ಟಿಗೆ ನನಗೆ ಐವತ್ತೆಂಟೂವರೆ, ಸರ್ಕಾರದ ಮಟ್ಟಿಗೆ ಅರವತ್ತು. ಎರಡರ ನಡುವೆ ನಾನು ಎಲ್ಲಿಗೂ ಸಲ್ಲದವನು.

ರಹಮತ್ ಡಿಪೋದಿಂದ ತನ್ನ ಹಾರ ಹಾಕ್ಕೊಂಡೇ ಮನೆಗೆ ಬಂದ, ಒಂದು ಪೇಪರಲ್ಲಿ ಬಿಸಿ ಮಂಡಕ್ಕಿ ತಂದಿದ್ದ. ಇಬ್ಬರೂ ಜಗಲಿ ಮೇಲೆ ಕೂತ್ವಿ. ಅವ್ವ ಗೋಡೆಗೆ ಒರಗಿದ್ದಳು. ಇಂಚರ ಕತ್ತು ವಾರೆ ಮಾಡ್ಕೊಂಡು ಕಿವಿ ಹುಡುಕ್ತಿದ್ದಳು.

"ಏನಾಯ್ತೋ ಆ ಹುಡುಗಿದು?" ಅವ್ವ ಕೇಳಿದಳು.

"ಉಳೀತವ್ವ. ಹದಿನಾರು ಮುಕ್ಕಾಲು ಅಂತ ಆಯ್ತು. ನೀನು ಹೇಳಿದ್ಯಲ್ಲ, ನನ್ನ ಒಂದೂವರೆ ವರ್ಷ ತಿಂದ್ಬಿಟ್ಟೆ ಅಂತ."

"ಹೂಂ."

"ನೀನು ತಿಂದಿರಲಿಲ್ಲ. ಎತ್ತಿಟ್ಟಿದ್ದೆ. ಇವತ್ತು ಆ ಹುಡುಗಿಗೆ ಸಿಕ್ತು."

ಅವ್ವ ಇಂಚರಳ ಕೈಯನ್ನ ಅವಳ ತಲೆ ಮೇಲಿಂದ ಮೆಲ್ಲಗೆ ಕೆಳಗಿಳಿಸಿ, ಅದರೊಳಗೆ ಒಂದು ಹಿಡಿ ಮಂಡಕ್ಕಿ ಇಟ್ಟಳು.

"ಬೇಡ ಬಿಡು ಕೂಸೇ" ಅಂದಳು. "ಈ ವರ್ಷ ಆಡ್ಕೋ."